ಅಂಕಿ ಏರಿದರೆ ಹೆದರದ ಆಯುಕ್ತರು ಬೇಕು

ಬೆಂಗಳೂರಿಗೆ ಹೊಸ ಪೊಲೀಸ್ ಆಯುಕ್ತರು ಬರುತ್ತಾರೆಂದರೆ ಪ್ರತಿ ಸಲವೂ ಅದೇ ಮಾತು. ಇವರು ರೌಡಿಗಳಿಗೆ ಸಿಂಹಸ್ವಪ್ನ. ಇವರು ಡ್ರಗ್ಸ್ ಜಾಲ ಬಗ್ಗುಬಡಿದವರು. ಇವರ ಕಾಲದಲ್ಲಾದರೂ ಟ್ರಾಫಿಕ್ ಸುಧಾರಿಸೀತು. ಇವರು ಮುಖ್ಯಮಂತ್ರಿಗಳಿಗೆ ಹತ್ತಿರ, ಇನ್ನೊಬ್ಬರು ದೂರ. ಬೇಟನ್ ಹಸ್ತಾಂತರದ ಫೋಟೋ, ಹೂಗುಚ್ಛ, ನಾಲ್ಕು ಸಾಲಿನ ಭರವಸೆ. ಅಲ್ಲಿಗೆ ಮುಗಿಯಿತು.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಗಂಡನ ಮನೆಯಲ್ಲಿ ಏಟು ತಿಂದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ರಾತ್ರಿ ಹನ್ನೊಂದಕ್ಕೆ ಠಾಣೆಯ ಮೆಟ್ಟಿಲು ಹತ್ತುವ ಹೆಂಗಸಿಗೆ ಈ ಹೊಸ ಸಾಹೇಬರಿಂದ ಏನು ಬದಲಾಗುತ್ತದೆ?

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಮಾರನೆಯ ದಿನವೇ ಆಯುಕ್ತರ ಅಮಾನತು, ಹೊಸ ಆಯುಕ್ತರ ನೇಮಕ. ಆ ಅಮಾನತು ಸರಿಯೋ ತಪ್ಪೋ ಬೇರೆ ಚರ್ಚೆ. ಹನ್ನೊಂದು ಜೀವಗಳಿಗೆ ಯಾರಾದರೂ ಉತ್ತರ ಕೊಡಲೇಬೇಕು. ಆದರೆ ಬೀದಿಯಲ್ಲಾದ ಸಾವಿಗೆ ಒಂದೇ ದಿನದಲ್ಲಿ ಕುರ್ಚಿ ಅಲುಗಾಡುವುದಾದರೆ, ಮನೆಯೊಳಗೆ ಒಬ್ಬೊಬ್ಬರಾಗಿ ಸಾಯುವ ಹೆಣ್ಣುಮಕ್ಕಳಿಗಾಗಿ ಇಷ್ಟು ವರ್ಷಗಳಲ್ಲಿ ಯಾವ ಕುರ್ಚಿ ಅಲುಗಾಡಿದೆ? ಅವರು ಒಟ್ಟಿಗೆ ಸಾಯಲಿಲ್ಲ, ಟಿ.ವಿ. ಕ್ಯಾಮೆರಾದ ಮುಂದೆ ಸಾಯಲಿಲ್ಲ. ಅದಕ್ಕೇ ಲೆಕ್ಕಕ್ಕಿಲ್ಲವೇ?

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ನಗರಕ್ಕೆ ಬೇಕಾದುದು ರೌಡಿಗಳನ್ನು ಹೆದರಿಸುವ ಆಯುಕ್ತರಲ್ಲ. ತಮ್ಮದೇ ಠಾಣೆಗಳಲ್ಲಿ ದೂರುಗಳ ಅಂಕಿ ಏರಿದರೆ ಹೆದರದ ಆಯುಕ್ತರು.

ಬರೆಯದ ಪುಸ್ತಕ

ಸಂಘ ನಡೆಸುವ ನಿಮಗೆ ಲೆಕ್ಕದ ಪುಸ್ತಕ ಎಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿನವರು ಸಂಘಕ್ಕೆ ಗ್ರೇಡ್ ಕೊಡಲು ಬರುತ್ತಾರೆಂದು ಇಟ್ಟುಕೊಳ್ಳಿ. ಪ್ರತಿನಿಧಿ ಸುಸ್ತಿ ಸಾಲಗಳನ್ನು ಪುಸ್ತಕದಲ್ಲಿ ಬರೆಯದೆ ಬಿಟ್ಟರೆ ಸಂಘ ಬಹಳ ಚೆನ್ನಾಗಿ ಕಾಣುತ್ತದೆ. ಶಹಭಾಸ್ ಎನ್ನುತ್ತಾರೆ. ಆರು ತಿಂಗಳಲ್ಲಿ ಸಂಘ ಮುಳುಗುತ್ತದೆ. ಪುಸ್ತಕದಲ್ಲಿ ಸುಸ್ತಿ ಇಲ್ಲವೆಂದರೆ ಸುಸ್ತಿಯೇ ಇಲ್ಲ ಎಂದರ್ಥವಲ್ಲ, ಬರೆದಿಲ್ಲ ಎಂದರ್ಥ.

ಪೊಲೀಸ್ ಠಾಣೆಯ ಪುಸ್ತಕವೂ ಹಾಗೆಯೇ. ಆಯುಕ್ತರು ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ಇನ್‌ಸ್ಪೆಕ್ಟರ್‌ಗಳನ್ನು ಕೂರಿಸಿಕೊಂಡು, 'ನಿಮ್ಮಲ್ಲಿ ಮಹಿಳಾ ದೌರ್ಜನ್ಯದ ಕೇಸು ಯಾಕಯ್ಯಾ ಇಷ್ಟು ಜಾಸ್ತಿ?' ಎಂದು ಗದರಿದರೆ ಮುಂದಿನ ತಿಂಗಳು ಏನಾಗುತ್ತದೆ? ಗಂಡಂದಿರು ಹೊಡೆಯುವುದನ್ನು ಬಿಡುತ್ತಾರೆಯೇ? ಇಲ್ಲ. ರೈಟರ್ ಬರೆಯುವುದನ್ನು ಬಿಡುತ್ತಾನೆ. ಮೇಲೆ ಕೂತವರ ಒಂದು ಪ್ರಶ್ನೆ ಕೆಳಗಿನ ಮೇಜಿನ ಮೇಲೆ ಪೆನ್ನನ್ನು ನಿಲ್ಲಿಸುತ್ತದೆ. 'ಅಪರಾಧ ಇಳಿದಿದೆ' ಎಂಬ ಹೇಳಿಕೆಗೆ ಚಪ್ಪಾಳೆ ಬೀಳುತ್ತದೆ.

ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತಾನೇ ಹೇಳುತ್ತದೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇಕಡಾ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಅದಕ್ಕೆ ಹಿಂದಿನ 2015–16ರ ಸಮೀಕ್ಷೆಯಲ್ಲಿ ಅದು ಶೇಕಡಾ 20.6 ಇತ್ತು. ನಿಮ್ಮ ಸಂಘದಲ್ಲಿ ಇಪ್ಪತ್ತು ಜನ ಇದ್ದರೆ ಎಂಟೊಂಬತ್ತು ಜನರ ಲೆಕ್ಕ ಇದು. ವಾರದ ಸಭೆಯಲ್ಲಿ ಅಕ್ಕಪಕ್ಕ ಕೂತವರ ಮುಖ ನೋಡಿಕೊಳ್ಳಿ. ಅವರಲ್ಲಿ ಎಷ್ಟು ಜನರ ಹೆಸರು ಠಾಣೆಯ ಪುಸ್ತಕದಲ್ಲಿದೆ?

'ಆಕಸ್ಮಿಕ' ಎಂಬ ಕಲಂ

ಈ ಪುಸ್ತಕದ ಆಟ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ವಿಮೋಚನಾ ಸಂಘಟನೆಯ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಸಾಯುತ್ತಿದ್ದ ಹೆಣ್ಣುಮಕ್ಕಳ ಪಕ್ಕ ಕೂತರು. ಪೊಲೀಸ್ ದಾಖಲೆಗಳನ್ನು ಹಿಡಿದು ಲೆಕ್ಕ ಹಾಕಿದರು. 1997ರ ಒಂದೇ ವರ್ಷ ಬೆಂಗಳೂರಿನಲ್ಲಿ 1133 ಹೆಂಗಸರ ಅಸಹಜ ಸಾವು. ಇದರಲ್ಲಿ ಕೊಲೆ ಎಂದು ಪರಿಗಣಿಸಿದ್ದು 157. ಆತ್ಮಹತ್ಯೆ 546. ಉಳಿದ 430 'ಆಕಸ್ಮಿಕ'!

ನಾಲ್ಕು ನೂರ ಮೂವತ್ತು ಆಕಸ್ಮಿಕಗಳು! ಆ ಕಾಲದಲ್ಲಿ ಎಲ್ಲ ಕಡೆಯೂ ಒಂದೇ ಕತೆ, 'ಸ್ಟೌ ಸಿಡಿಯಿತು'. ಸ್ಟೌಗಳಿಗೆ ಸೊಸೆಯಂದಿರೇ ಯಾಕೆ ಬೇಕಾಗಿತ್ತು? ಅದೇ ಅಡುಗೆಮನೆಯಲ್ಲಿ ಓಡಾಡುವ ಅತ್ತೆ, ನಾದಿನಿಯರ ಸೆರಗಿಗೆ ಯಾಕೆ ಬೆಂಕಿ ತಗುಲುತ್ತಿರಲಿಲ್ಲ? ಸಿಡಿದ ಸ್ಟೌ ಎಲ್ಲಿ, ಅದನ್ನು ಮಹಜರಿನಲ್ಲಿ ವಶಪಡಿಸಿಕೊಂಡರೇ ಎಂದು ಕೇಳಬೇಕಾದವರು ಪೊಲೀಸರು. ಆ ಪ್ರಶ್ನೆಯನ್ನು ಚಪ್ಪಲಿ ಸವೆಸಿ ಕೇಳಿದವರು ಹೆಂಗಸರು.

ಈಗ ನಗರದ ಮನೆಗಳಲ್ಲಿ ಸೀಮೆಎಣ್ಣೆ ಸ್ಟೌ ಅಪರೂಪ. ಸಾವು ನಿಂತಿದೆಯೇ? ಕಾರಣದ ಹೆಸರು ಬದಲಾಗಿದೆ. ಗ್ಯಾಸ್ ಸೋರಿತು, ಮಹಡಿಯಿಂದ ಕಾಲು ಜಾರಿತು, ಫ್ಯಾನಿಗೆ ನೇಣು ಹಾಕಿಕೊಂಡಳು, ಡಿಪ್ರೆಷನ್ ಇತ್ತು. 2022ರಲ್ಲಿ ದೇಶದಲ್ಲಿ ವರದಕ್ಷಿಣೆ ಸಾವು ಎಂದು ದಾಖಲಾದ ಪ್ರಕರಣಗಳೇ 6450. ದಿನಕ್ಕೆ ಹದಿನೇಳರ ಮೇಲೆ. ಇದು ಬರೆದವುಗಳ ಲೆಕ್ಕ.

ಕಾನೂನು ಏನು ಹೇಳುತ್ತದೆ ನೋಡಿ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟಗಾಯದಿಂದಲೋ ಅಸಹಜವಾಗಿಯೋ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಆಕೆಯನ್ನು ಹಿಂಸಿಸಿದ್ದು ತೋರಿಸಿದರೆ ಅದು ವರದಕ್ಷಿಣೆ ಸಾವು. 1986ರಲ್ಲಿ ಹೋರಾಟದಿಂದ ಬಂದ 304ಬಿ ಕಲಮು ಇದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು. ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಆಗಬಹುದು.

'ಸಾವಿಗೆ ಸ್ವಲ್ಪ ಮುಂಚೆ ಹಿಂಸಿಸಿದ್ದನ್ನು ತೋರಿಸಬೇಕು' ಎಂಬ ಮಾತನ್ನು ಇನ್ನೊಮ್ಮೆ ಓದಿ. ಸತ್ತವಳು ಬಂದು ಸಾಕ್ಷಿ ಹೇಳುವುದಿಲ್ಲ. ಬದುಕಿದ್ದಾಗ ಆಕೆ ಠಾಣೆಗೆ ಬಂದು ಕೊಟ್ಟ ದೂರೇ ಆಕೆಯ ಗಟ್ಟಿ ಸಾಕ್ಷಿ. ಆ ದೂರನ್ನು ಬರೆದುಕೊಳ್ಳದೆ ಬುದ್ಧಿ ಹೇಳಿ ಕಳುಹಿಸಿದ್ದರೆ? ನಾಳೆ ನ್ಯಾಯಾಲಯದಲ್ಲಿ ಗಂಡನ ಕಡೆಯ ವಕೀಲರು ಕೇಳುತ್ತಾರೆ: 'ಅಷ್ಟು ಹಿಂಸೆ ಇದ್ದಿದ್ದರೆ ಆಕೆ ಯಾಕೆ ದೂರು ಕೊಡಲಿಲ್ಲ?' ಕೊಟ್ಟಿದ್ದಳು ಸ್ವಾಮಿ, ನೀವು ಬರೆಯಲಿಲ್ಲ! ಬರೆಯದ ಒಂದು ದೂರು ಬದುಕಿದ್ದಾಗ ಆಕೆಯ ರಕ್ಷಣೆಯನ್ನು ಕಸಿಯುತ್ತದೆ, ಸತ್ತ ಮೇಲೆ ಆಕೆಯ ನ್ಯಾಯವನ್ನೂ ಕಸಿಯುತ್ತದೆ.

ಉಂಡು ಮಲಗುವ ತನಕವೇ?

ನಾನು ಇಪ್ಪತ್ತು ವರ್ಷಗಳಿಂದ ಹೆಣ್ಣುಮಕ್ಕಳ ಜೊತೆ ಠಾಣೆಗಳಿಗೆ ಹೋಗುತ್ತಿದ್ದೇನೆ. ಒಂದು ಠಾಣೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಹುಡುಗಿಯ ಹುಬ್ಬಿನ ಮೇಲೆ ಹೊಲಿಗೆ ಬಿದ್ದಿತ್ತು, ಆಸ್ಪತ್ರೆಯ ಚೀಟಿ ಕೈಯಲ್ಲಿತ್ತು. ಬೈಕಿಗೆ ದುಡ್ಡು ತಾ ಎಂದು ಗಂಡ ತಲೆಯನ್ನು ಗೋಡೆಗೆ ಚಚ್ಚಿದ್ದ. ಮೇಜಿನ ಹಿಂದಿದ್ದವರು ನಕ್ಕು, 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ, ನಾಳೆ ಇಬ್ಬರನ್ನೂ ಕರೆಸೋಣ' ಎಂದರು. ಮಾರನೆಯ ದಿನ ಗಂಡ ಬಂದ, ಅವನ ಹಿಂದೆ ವಾರ್ಡಿನ ಇಬ್ಬರು ಮುಖಂಡರು ಬಂದರು. ಒಂದು ಗಂಟೆ ಕಟ್ಟೆ ಪಂಚಾಯ್ತಿ. ಕೊನೆಗೆ ಬಿಳಿ ಹಾಳೆಯ ಮೇಲೆ ಮುಚ್ಚಳಿಕೆ: 'ಇನ್ನು ಮುಂದೆ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ.' ಅದರ ಕೆಳಗೆ ಆಕೆಯಿಂದಲೂ ಸಹಿ: 'ಗಂಡನ ಮಾತು ಕೇಳಿಕೊಂಡು ಇರುತ್ತೇನೆ.' ಹೊಲಿಗೆ ಬಿದ್ದಿದ್ದು ಆಕೆಗೆ, ಮುಚ್ಚಳಿಕೆ ಬರೆದುಕೊಡಬೇಕಾದದ್ದೂ ಆಕೆಯೇ!

ಗೆಳತಿಯರೇ, ಯಾವ ಕಳ್ಳನಿಂದಲಾದರೂ 'ಇನ್ನು ಮುಂದೆ ಕದಿಯುವುದಿಲ್ಲ' ಎಂದು ಬರೆಸಿಕೊಂಡು ಮನೆಗೆ ಕಳುಹಿಸುವುದನ್ನು ಕಂಡಿದ್ದೀರಾ? ಸರ ಕಳೆದುಕೊಂಡವಳಿಗೆ 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎನ್ನುತ್ತಾರೆಯೇ?

ಆಪ್ತ ಸಮಾಲೋಚನೆ ಬೇಡವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ 1999ರಲ್ಲಿ ಆಯುಕ್ತರ ಕಚೇರಿಯಲ್ಲೇ ವನಿತಾ ಸಹಾಯವಾಣಿ ಶುರುವಾದದ್ದು ಒಂದು ಹೆಜ್ಜೆಯೇ. ಮಾತಾಡಿ ಬಗೆಹರಿಸಿಕೊಳ್ಳಲು ಬಯಸುವ ಹೆಣ್ಣಿಗೆ ಆ ದಾರಿ ಇರಲಿ. ಆದರೆ ಅದು ಆಕೆ ಆರಿಸಿಕೊಳ್ಳುವ ದಾರಿಯಾಗಬೇಕು. ದೂರು ಬರೆಯುವುದನ್ನು ತಪ್ಪಿಸಿಕೊಳ್ಳಲು ಪೊಲೀಸರು ತೋರಿಸುವ ಬಾಗಿಲಾಗಬಾರದು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 5ನೇ ಕಲಮಿನ ಪ್ರಕಾರ, ದೂರು ಬಂದ ಕೂಡಲೇ ಪೊಲೀಸ್ ಅಧಿಕಾರಿ ಆಕೆಗೆ ಆಕೆಯ ಹಕ್ಕುಗಳನ್ನು ತಿಳಿಸಲೇಬೇಕು: ರಕ್ಷಣಾ ಆದೇಶ ಪಡೆಯಬಹುದು, ಸಂರಕ್ಷಣಾಧಿಕಾರಿಯ ನೆರವು ಇದೆ, ಉಚಿತ ಕಾನೂನು ನೆರವು ಇದೆ, ಕ್ರೌರ್ಯದ ಮೊಕದ್ದಮೆಯನ್ನೂ ಹೂಡಬಹುದು ಎಂದು. ನಿಮ್ಮಲ್ಲಿ ಠಾಣೆಗೆ ಹೋದವರಿಗೆ ಈ ನಾಲ್ಕು ಮಾತನ್ನು ಯಾರಾದರೂ ಹೇಳಿದ್ದಾರೆಯೇ?

'ದುರುಪಯೋಗ'ದ ಕೂಗು

ಇಷ್ಟು ಹೇಳುವಾಗಲೇ ಎದುರಿನಿಂದ ಒಂದು ಕೂಗು ಏಳುತ್ತದೆ: ಹೆಂಗಸರು ಕಾನೂನನ್ನು ದುರುಪಯೋಗ ಮಾಡುತ್ತಿದ್ದಾರೆ! 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಬ್ಬ ತಂತ್ರಜ್ಞರು ಆತ್ಮಹತ್ಯೆ ಮಾಡಿಕೊಂಡ ಮೇಲೆ ಈ ಕೂಗು ದೇಶವನ್ನೇ ತುಂಬಿತು. ಆ ಸಾವೂ ಸಾವೇ, ಆ ತಾಯಿಯ ಕಣ್ಣೀರೂ ಕಣ್ಣೀರೇ. ಸುಳ್ಳು ದೂರು ಇದ್ದರೆ ತನಿಖೆಯಾಗಲಿ, ಸುಳ್ಳೆಂದು ಬಯಲಾಗಲಿ. ಆದರೆ ತನಿಖೆ ಮಾಡಬೇಕಾದರೆ ಮೊದಲು ಬರೆದುಕೊಳ್ಳಬೇಕಲ್ಲವೇ? ಬರೆಯದೇ ಸುಳ್ಳೆಂದು ತೀರ್ಮಾನಿಸಲು ಠಾಣೆ ನ್ಯಾಯಾಲಯವಲ್ಲ.

'ಸುಪ್ರೀಂ ಕೋರ್ಟ್ ಬೇಡ ಎಂದಿದೆ' ಎಂದು ಕೆಲವು ಠಾಣೆಗಳಲ್ಲಿ ಹೇಳುತ್ತಾರೆ. 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದ್ದು, ಕಾರಣ ಪರಿಶೀಲಿಸದೆ ಯಾಂತ್ರಿಕವಾಗಿ ಬಂಧಿಸಬೇಡಿ ಎಂದು. ದೂರನ್ನೇ ಬರೆಯಬೇಡಿ ಎಂದಲ್ಲ. ಅದಕ್ಕೆ ಮುಂಚೆ 2013ರ ಲಲಿತಾ ಕುಮಾರಿ ತೀರ್ಪು, ಗಂಭೀರ ಅಪರಾಧದ ಮಾಹಿತಿ ಇದ್ದರೆ ಎಫ್.ಐ.ಆರ್. ಕಡ್ಡಾಯ ಎಂದಿತು. ದಾಂಪತ್ಯದ ವಿವಾದಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿತು ನಿಜ. ಆದರೆ ಅದಕ್ಕೆ ಕಾಲಮಿತಿ ಇದೆ, ಠಾಣೆಯ ದಿನಚರಿಯಲ್ಲಿ ಬರೆಯಬೇಕು, ದೂರನ್ನು ಮುಚ್ಚಿದರೆ ಕಾರಣವನ್ನು ಒಂದು ವಾರದೊಳಗೆ ದೂರುದಾರಳ ಕೈಗೆ ಕೊಡಬೇಕು. ತೀರ್ಪಿನ ಅರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡ ಠಾಣೆಗೆ ಉಳಿದರ್ಧವನ್ನು ಓದಿಸುವವರೇ ನಮಗೆ ಬೇಕಾದ ಆಯುಕ್ತರು.

ಇನ್ನು, 'ಈ ಕೇಸುಗಳಲ್ಲಿ ಶಿಕ್ಷೆಯೇ ಆಗುವುದಿಲ್ಲ, ಹಾಗಾಗಿ ಎಲ್ಲ ಸುಳ್ಳು' ಎನ್ನುವವರಿಗೆ ಒಂದು ಮಾತು. ಮಹಜರು ಸರಿಯಾಗಿ ಮಾಡದೆ, ನೆರೆಯವರ ಹೇಳಿಕೆ ಪಡೆಯದೆ, ಮರಣಪೂರ್ವ ಹೇಳಿಕೆ ಪಡೆಯುವಾಗ ಅತ್ತೆ ಮಾವಂದಿರನ್ನು ಮಂಚದ ಪಕ್ಕವೇ ನಿಲ್ಲಿಸಿಕೊಂಡು, ಹೆಣದ ಮುಂದೆ ತವರಿನವರ ಜೊತೆ ರಾಜಿ ಮಾಡಿಸಿ, ಆಮೇಲೆ ಆರೋಪಿ ಖುಲಾಸೆಯಾದರೆ ಅದು ಹೆಣ್ಣು ಹೇಳಿದ ಸುಳ್ಳಲ್ಲ. ತನಿಖೆಯ ಸೋಲು.

ಕ್ಯಾಮೆರಾಗೆ ಅಡುಗೆಮನೆ ಕಾಣುವುದಿಲ್ಲ

ಮಹಿಳಾ ಸುರಕ್ಷತೆ ಎಂದಾಗ ಸರ್ಕಾರಗಳು ಸಾಮಾನು ಕೊಳ್ಳುತ್ತವೆ. 2017ರಲ್ಲಿ ಬೆಂಗಳೂರಿಗೆ ಪಿಂಕ್ ಹೊಯ್ಸಳ ವಾಹನಗಳು ಬಂದವು. 2018ರಲ್ಲಿ ನಿರ್ಭಯಾ ನಿಧಿಯಡಿ ಸೇಫ್ ಸಿಟಿ ಯೋಜನೆಗೆ 667 ಕೋಟಿ ರೂಪಾಯಿ ಮಂಜೂರಾಯಿತು, ಸಾವಿರಾರು ಕ್ಯಾಮೆರಾಗಳು ಬಂದವು. ಬೀದಿಯಲ್ಲಿ ನಡೆಯುವ ಹೆಣ್ಣಿಗೆ ಇವೂ ಬೇಕು, ಜಗಳವಿಲ್ಲ. ಆದರೆ ಯಾವ ಕ್ಯಾಮೆರಾಗೂ ಮಲಗುವ ಕೋಣೆ, ಅಡುಗೆಮನೆ ಕಾಣುವುದಿಲ್ಲ. ಅಲ್ಲಿ ನಡೆದದ್ದನ್ನು ಹೇಳಲು ಒಬ್ಬಳೇ ಸಾಕ್ಷಿ. ಆಕೆ ನಡೆದುಕೊಂಡು ಠಾಣೆಗೆ ಬಂದಾಗ ಆಕೆಯ ಮಾತನ್ನು ಬರೆದುಕೊಳ್ಳುವುದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಪೆನ್ನು, ಒಂದು ಹಾಳೆ, ಮೇಲಿನವರ ಕಟ್ಟುನಿಟ್ಟಿನ ಆದೇಶ ಸಾಕು.

'ಹಾಗಾದರೆ ಒಬ್ಬ ಮಹಿಳೆಯನ್ನೇ ಆಯುಕ್ತರನ್ನಾಗಿ ಮಾಡಿಬಿಟ್ಟರೆ ಸರಿಹೋಯಿತಲ್ಲ?' ಎನ್ನುತ್ತಾರೆ. ಮಾಡಿ! ಬೆಂಗಳೂರಿನಲ್ಲಿ ಆಯುಕ್ತರ ವ್ಯವಸ್ಥೆ ಬಂದದ್ದು 1963ರಲ್ಲಿ. ಅಲ್ಲಿಂದ 2025ರವರೆಗೆ ಆ ಕುರ್ಚಿಯಲ್ಲಿ ಒಬ್ಬ ಮಹಿಳೆಯೂ ಕೂರಲಿಲ್ಲ. ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿ ನೀಲಮಣಿ ರಾಜು ಅವರು 2017ರಿಂದ 2020ರವರೆಗೆ ಕೆಲಸ ಮಾಡಿದ ಮೇಲೂ ಹೆಂಗಸರಿಗೆ ಈ ಕೆಲಸ ಆಗದು ಎನ್ನಲು ಯಾರಿಗೂ ಬಾಯಿಲ್ಲ. ಆದರೆ ಸೀರೆಯೋ ಪ್ಯಾಂಟೋ ನಮ್ಮ ಕೊನೆಯ ಅಳತೆಗೋಲಲ್ಲ. ತಿಂಗಳ ಸಭೆಯಲ್ಲಿ ಆ ಅಧಿಕಾರಿ ಕೇಳುವ ಪ್ರಶ್ನೆ ಯಾವುದು, ಅದು ಅಳತೆಗೋಲು.

ಏನನ್ನು ನೋಡಬೇಕು

ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ನಗರದವರ ಓಟಿಲ್ಲ, ಪಾಲಿಕೆಯ ಮಾತಿಲ್ಲ. ಅದಕ್ಕೇ ನಾವು ಕೂಗಿ ಹೇಳಬೇಕು. ಹೆಸರು ಆರಿಸುವ ಮುಂಚೆ ಇಷ್ಟನ್ನು ನೋಡಿ:

1. ಈ ಅಧಿಕಾರಿ ಹಿಂದೆ ಜಿಲ್ಲೆಗಳಲ್ಲಿ ಕೆಲಸ ಮಾಡಿದಾಗ, ಏಳು ವರ್ಷದೊಳಗೆ ಸತ್ತ ಸೊಸೆಯಂದಿರ ಎಷ್ಟು ಸಾವುಗಳು ಬರೀ ಅಸಹಜ ಸಾವಿನ ಯು.ಡಿ.ಆರ್. ಕಡತದಲ್ಲೇ ಮುಚ್ಚಿಹೋದವು? ಎಷ್ಟು ನ್ಯಾಯಾಲಯಕ್ಕೆ ಹೋದವು?

2. ದೂರು ಬರೆದುಕೊಳ್ಳದ ಇನ್‌ಸ್ಪೆಕ್ಟರ್ ಮೇಲೆ ಇವರು ಎಂದಾದರೂ ಕ್ರಮ ಕೈಗೊಂಡಿದ್ದಾರೆಯೇ? ಅಂಕಿ ಏರಿದ ಠಾಣೆಯನ್ನು ಗದರಿದರೇ, ಅಥವಾ ಅಂಕಿಯೇ ಇಲ್ಲದ ಠಾಣೆಯನ್ನು ಅನುಮಾನಿಸಿದರೇ?

3. ಪೊಲೀಸನ ಹೆಂಡತಿ ಏಟು ತಿಂದರೆ ಯಾವ ಠಾಣೆಗೆ ಹೋಗಬೇಕು? ಅಲ್ಲಿ ಕೂತವರೆಲ್ಲ ಗಂಡನ ಸ್ನೇಹಿತರು. ತಮ್ಮ ಇಲಾಖೆಯವರ ಹೆಂಡಿರು ಕೊಟ್ಟ ದೂರನ್ನು ಈ ಅಧಿಕಾರಿ ಹೇಗೆ ನಡೆಸಿದ್ದಾರೆ?

4. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳಲ್ಲಿ 11ಎ ಎಂಬ ನಿಯಮವಿದೆ. ಐ.ಪಿ.ಎಸ್. ಅಧಿಕಾರಿ ವರದಕ್ಷಿಣೆ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಮದುವೆ ಮಾರುಕಟ್ಟೆಯಲ್ಲಿ ಅಂಥ ವರನಿಗೆ ಎಷ್ಟು ಬೆಲೆ ಕಟ್ಟುತ್ತಾರೆಂದು ನಮಗೆಲ್ಲ ಗೊತ್ತು. ಕೈ ಶುದ್ಧವಿದೆಯೇ ಎಂದು ಸರ್ಕಾರ ಕೇಳಲಿ.

5. ಕೊಟ್ಟವರಿಗೆ ಕಾಲಾವಕಾಶ ಕೊಡಿ. 2019ರ ಜೂನ್‌ನಲ್ಲಿ ಬಂದ ಆಯುಕ್ತರು ಆಗಸ್ಟ್ ಆರಂಭದಲ್ಲೇ ಹೋದರು. ಎರಡು ತಿಂಗಳೂ ತುಂಬದವರು ನೂರಕ್ಕೂ ಹೆಚ್ಚು ಠಾಣೆಗಳ ಅಭ್ಯಾಸವನ್ನು ಹೇಗೆ ತಿದ್ದುತ್ತಾರೆ? ಠಾಣಾಧಿಕಾರಿಯಿಂದ ರಾಜ್ಯದ ಮುಖ್ಯಸ್ಥರವರೆಗೆ ಕನಿಷ್ಠ ಎರಡು ವರ್ಷ ಇರಲಿ ಎಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲೇ ಹೇಳಿದೆ.

ನಮ್ಮ ಕೆಲಸ

ಬರೀ ಬೇಡಿಕೆ ಬರೆದು ಕೂರುವುದಲ್ಲ. ಪ್ರತಿ ಸಂಘವೂ ತನ್ನ ಠಾಣೆಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಲಿ. ಶುಲ್ಕ ಹತ್ತು ರೂಪಾಯಿ, ಬಿ.ಪಿ.ಎಲ್. ಕುಟುಂಬಕ್ಕೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಮೂರೇ ಪ್ರಶ್ನೆ: ಕಳೆದ ಐದು ವರ್ಷದಲ್ಲಿ ನಿಮ್ಮ ಸರಹದ್ದಿನಲ್ಲಿ ಎಷ್ಟು ಹೆಂಗಸರ ಅಸಹಜ ಸಾವು ದಾಖಲಾಗಿದೆ? ಅದರಲ್ಲಿ ಮದುವೆಯಾಗಿ ಏಳು ವರ್ಷದೊಳಗಿನವರು ಎಷ್ಟು? ಅವುಗಳಲ್ಲಿ ಎಷ್ಟು ವರದಕ್ಷಿಣೆ ಸಾವೆಂದು ತನಿಖೆಯಾಯಿತು, ಎಷ್ಟು 'ಆಕಸ್ಮಿಕ'ವೆಂದು ಮುಚ್ಚಿತು?

ಉತ್ತರ ಬಂದ ಹಾಳೆಯನ್ನು ಸಂಘದ ನಡಾವಳಿ ಪುಸ್ತಕಕ್ಕೆ ಅಂಟಿಸಿ. ಠಾಣೆಯವರು ಜನಸಂಪರ್ಕ ಸಭೆ ಕರೆದಾಗ ಐದಾರು ಜನ ಒಟ್ಟಿಗೆ ಹೋಗಿ, ಎದ್ದು ನಿಂತು ಓದಿ. ನಿಮ್ಮಲ್ಲಿ ಯಾರಾದರೂ ದೂರು ಕೊಡಲು ಹೊರಟರೆ ಒಬ್ಬಳನ್ನೇ ಕಳುಹಿಸಬೇಡಿ. ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ನಮ್ಮ ಸರಹದ್ದಲ್ಲ ಎಂದರೆ ಜೀರೋ ಎಫ್.ಐ.ಆರ್. ಬರೆಯಿರಿ ಎನ್ನಿ. ಬರೆಯದಿದ್ದರೆ ಡಿ.ಸಿ.ಪಿ.ಗೆ ಅಂಚೆಯಲ್ಲಿ ದೂರು ಕಳುಹಿಸಿ ರಸೀತಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ಹಕ್ಕು ಕಾನೂನಿನಲ್ಲೇ ಇದೆ.

ನಾವು ಹೀಗೆ ಹೋಗತೊಡಗಿದರೆ ಅಂಕಿ ಏರುತ್ತದೆ. ಏರಲಿ. ಆಗ ಪತ್ರಿಕೆಯವರು ಮೈಕು ಹಿಡಿದು, 'ನಿಮ್ಮ ಕಾಲದಲ್ಲಿ ಮಹಿಳಾ ದೌರ್ಜನ್ಯ ಹೆಚ್ಚಾಗಿದೆಯಲ್ಲ?' ಎಂದು ಕೇಳುತ್ತಾರೆ. 'ದೌರ್ಜನ್ಯ ಮೊದಲೂ ಇತ್ತು. ಈಗ ನಮ್ಮ ಠಾಣೆಗಳು ಬರೆದುಕೊಳ್ಳುತ್ತಿವೆ' ಎಂದು ತಲೆಯೆತ್ತಿ ಉತ್ತರಿಸುವ ಅಧಿಕಾರಿ ಯಾರೋ, ಅವರನ್ನು ಈ ನಗರಕ್ಕೆ ಕೊಡಿ.